ಅಡಿಕೆ ತೋಟದ ಓತಿ, ಹಳ್ಳದ ಮಂಡಲ: ಆಗುಂಬೆಯಲ್ಲಿ ಮಕ್ಕಳೊಡನೆ

ಹಾವು ನೋಡಬೇಕೆಂದು ಹೊರಡುವವರಿಗೆ ಆಗುಂಬೆಯಲ್ಲಿ ಮಳೆಗಾಲವೇ ಸುಗ್ಗಿ. ಕಪ್ಪೆಗಳು ಹೊರಬರುತ್ತವೆ, ಅವುಗಳನ್ನು ಕಾಯುತ್ತ ಮಂಡಲದ ಹಾವುಗಳು ಹಳ್ಳದ ಬದಿಯ ಕೊಂಬೆಗಳಲ್ಲಿ ಕೂರುತ್ತವೆ. ಓತಿಗಳ ಲೆಕ್ಕ ಬೇರೆ. ಅವಕ್ಕೆ ಬಿಸಿಲು ಬೇಕು; ಮೈ ಕಾಯಿಸಿಕೊಳ್ಳದೆ ಅವು ಕದಲುವುದಿಲ್ಲ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ ಜುಲೈ ತಿಂಗಳಲ್ಲಿ ಬಿಸಿಲು ಹುಡುಕುವುದೆಂದರೆ ಆಗದ ಮಾತು. ಹಾವು, ಓತಿ ಎರಡೂ ಕಾಣಬೇಕಾದರೆ ಮಳೆ ಹಿಂದೆಗೆಯುವ ಹೊತ್ತು, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಸರಿಹೋಗುತ್ತದೆ. ಬೆಳಿಗ್ಗೆ ಎಳೆಬಿಸಿಲು, ಸಂಜೆಗೆ ಒಂದು ಮಳೆ. ಶಾಲೆಗೂ ದಸರಾ ರಜೆ.

ಮಗಳು ಏಳನೇ ತರಗತಿಯಲ್ಲಿದ್ದಾಳೆ. ಹಾರುವ ಓತಿಯನ್ನು ಕಣ್ಣಾರೆ ನೋಡಬೇಕೆಂಬುದು ಅವಳ ಬಹುದಿನದ ಹಂಬಲ. ಎರಡನೇ ತರಗತಿಯ ಮಗನಿಗೆ ಕಾಳಿಂಗ ಸರ್ಪವೇ ಆಗಬೇಕು. ಮನೆಯವರು ದಾವಣಗೆರೆಯ ಬಯಲಿನಲ್ಲಿ ಬೆಳೆದವರು, ಕಾಡೆಂದರೆ ಕ್ಯಾಮೆರಾ ಹೆಗಲಿಗೇರಿಸುವವರು. ಅತ್ತೆಯವರ ತವರು ಮಾತ್ರ ತೀರ್ಥಹಳ್ಳಿ ಕಡೆಯ ತೋಟದ ಮನೆ. "ಹಾವು ನೋಡಲು ದುಡ್ಡು ಕೊಟ್ಟು ಹೋಗಬೇಕೇ? ನಮ್ಮ ಬಚ್ಚಲಿಗೇ ಬರುತ್ತಿದ್ದವು" ಎನ್ನುತ್ತಲೇ ಅವರು ಎಲ್ಲರಿಗಿಂತ ಮೊದಲು ಸೀರೆ ಮಡಿಸಿ ಚೀಲಕ್ಕೆ ಹಾಕಿಕೊಂಡರು.

ಹೊರಡುವ ಮೊದಲೇ ಒಂದು ಮಾತನ್ನು ಗಟ್ಟಿ ಮಾಡಿಕೊಂಡಿದ್ದೆವು: ಹಿಡಿದು ತೋರಿಸುವ ಹಾವು ನಮಗೆ ಬೇಡ. ಕೊಕ್ಕೆ ಬೇಡ, ಕಲ್ಲು ಮಗುಚುವುದು ಬೇಡ, ಚಿತ್ರ ಚೆನ್ನಾಗಿ ಬರಲೆಂದು ಹಾವನ್ನು ಎತ್ತಿ ಇನ್ನೊಂದು ಕೊಂಬೆಯ ಮೇಲೆ ಇಡುವುದು ಖಂಡಿತ ಬೇಡ. ತಂಗುವ ಮನೆಯವರಿಗೂ ಫೋನಿನಲ್ಲೇ ಇದನ್ನು ತಿಳಿಸಿದ್ದೆ. ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಹಿಡಿದ ಹಾವು ತಪ್ಪಿಸಿಕೊಳ್ಳಲು ಒದ್ದಾಡುತ್ತದೆಯೇ ಹೊರತು ತನ್ನ ಬದುಕನ್ನು ತೋರಿಸುವುದಿಲ್ಲ. ಅದು ಎಲ್ಲಿ ಕೂರುತ್ತದೆ, ಯಾವ ಕಡೆಗೆ ಮುಖ ಮಾಡುತ್ತದೆ, ಎಷ್ಟು ಹೊತ್ತು ಕಾಯುತ್ತದೆ ಎಂಬುದೇ ನನಗೆ ನನ್ನ ಮಕ್ಕಳಿಗೆ ತೋರಿಸಬೇಕಾಗಿದ್ದದ್ದು.

ಶುಕ್ರವಾರ

ದಾವಣಗೆರೆಯಿಂದ ಶಿವಮೊಗ್ಗದವರೆಗಿನ ದಾರಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಮಂಡಗದ್ದೆಯಲ್ಲಿ ಇಳಿದು ತುಂಗೆಯ ನಡುಗಡ್ಡೆಯ ಮರಗಳಲ್ಲಿ ಉಳಿದಿದ್ದ ಬೆಳ್ಳಕ್ಕಿಗಳನ್ನು ನೋಡಿ, ತೀರ್ಥಹಳ್ಳಿಯಲ್ಲಿ ಊಟ ಮುಗಿಸಿ, ಮಳೆ ಶುರುವಾಗುವ ಹೊತ್ತಿಗೆ ಆಗುಂಬೆ ಸೇರಿದೆವು. ನಮ್ಮ ತಂಗುದಾಣ ಊರಿನಿಂದ ಒಳಗೆ, ಮಣ್ಣುರಸ್ತೆಯ ಕೊನೆಯಲ್ಲಿದ್ದ ಹೆಂಚಿನ ಮನೆ. ಮುಂದೆ ಅಂಗಳ, ಅದರಾಚೆ ಅಡಿಕೆ ತೋಟ, ತೋಟದ ತಗ್ಗಿನಲ್ಲಿ ಹಳ್ಳ, ಹಳ್ಳದಾಚೆ ಕಾಡು. ಹಳ್ಳದ ಆಚೆಗಿನದು ಅರಣ್ಯ ಇಲಾಖೆಗೆ ಸೇರಿದ್ದು. ರಾತ್ರಿ ಅಲ್ಲಿಗೆ ಕಾಲಿಡುವಂತಿಲ್ಲ. ನಮ್ಮ ಹುಡುಕಾಟವೆಲ್ಲ ಈಚೆಗಿನ ಅವರ ಸ್ವಂತ ತೋಟದಲ್ಲೇ ಎಂದು ಮನೆಯ ಯಜಮಾನರು ಮೊದಲೇ ಹೇಳಿದರು. ನನಗೆ ಅವರ ಮೇಲೆ ಗೌರವ ಮೂಡಿದ್ದು ಆ ಮಾತಿನಿಂದ.

ನಮಗೆ ದಾರಿ ತೋರಿಸಲು ಬಂದವನು ಅವರ ಮನೆಯ ಪಕ್ಕದ ಹುಡುಗ. ಪದವಿ ಮುಗಿಸಿ ತೋಟ ನೋಡಿಕೊಳ್ಳುತ್ತಾನೆ. ಬಿಡುವಿನಲ್ಲಿ ಕಪ್ಪೆ, ಹಾವುಗಳ ಲೆಕ್ಕ ಬರೆದಿಡುತ್ತಾನೆ. ಮಕ್ಕಳು ಐದೇ ನಿಮಿಷದಲ್ಲಿ "ಅಣ್ಣ, ಅಣ್ಣ" ಎಂದು ಅವನ ಬೆನ್ನುಹತ್ತಿದರು. ಅವನು ಮಕ್ಕಳಿಗೆ ಕೊಟ್ಟ ಮೊದಲ ಪಾಠ ಕೈಗಳ ಬಗ್ಗೆ. "ಕಾಲಿಗೆ ಬೂಟು ಇದೆ, ಅದಕ್ಕೆ ಭಯವಿಲ್ಲ. ಕೈ ಎಲ್ಲಿಡುತ್ತೀರಿ ಎಂಬುದನ್ನು ನೋಡಿಕೊಳ್ಳಿ. ಮರ ಹಿಡಿಯಬೇಡಿ, ಕಲ್ಲುಕಟ್ಟೆಗೆ ಒರಗಬೇಡಿ. ಜಾರಿದರೆ ಹಾಗೆಯೇ ಕೂತುಬಿಡಿ."

ಇದನ್ನು ಕೇಳುತ್ತ ಜಗುಲಿಯಲ್ಲಿ ಕುಳಿತಿದ್ದ ಅತ್ತೆ ತಲೆಯಾಡಿಸಿದರು. ಅವರ ತವರಿನಲ್ಲಿ ಸೌದೆ ಎಳೆಯುವ ಮೊದಲು ರಾಶಿಯನ್ನು ಕೋಲಿನಿಂದ ತಟ್ಟಬೇಕಿತ್ತು. ಕತ್ತಲಾದ ಮೇಲೆ ದೀಪವಿಲ್ಲದೆ ಕೊಟ್ಟಿಗೆಗೆ ಹೋಗುವಂತಿರಲಿಲ್ಲ. ಹೊರಗೆ ಬಿಟ್ಟ ಚಪ್ಪಲಿಯನ್ನು ಕೊಡವದೆ ಮೆಟ್ಟಿದರೆ ಬೈಗುಳ. ಮಳೆಗಾಲದಲ್ಲಿ ಬರಿ ನೆಲದ ಮೇಲೆ ಮಲಗಬಾರದೆಂಬುದನ್ನು ಅವರ ಮನೆ ಕಷ್ಟಪಟ್ಟು ಕಲಿತಿತ್ತು. ಅವರು ಚಿಕ್ಕವರಿದ್ದಾಗ ತೋಟದ ಕೆಲಸಕ್ಕೆ ಬರುತ್ತಿದ್ದ ಒಬ್ಬಾತ ಕಣದ ಮನೆಯಲ್ಲಿ ಚಾಪೆ ಹಾಸಿ ಮಲಗಿದ್ದವನು ಬೆಳಿಗ್ಗೆ ಏಳಲಿಲ್ಲ. ಗಾಯವೇ ಕಾಣದ ಕಚ್ಚು. ಕಟ್ಟುಹಾವು ಎಂದರು ಹಿರಿಯರು. ಅತ್ತೆ ಈ ಕಥೆಯನ್ನು ಹೆದರಿಸಲು ಹೇಳುವವರಲ್ಲ. ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿಕೊಳ್ಳಿ ಎನ್ನಲು ಹೇಳುತ್ತಾರೆ. ಇಂದಿನ ವೈದ್ಯರು ಹಳ್ಳಿಹಳ್ಳಿಗೆ ಹೋಗಿ ಹೇಳುತ್ತಿರುವುದೂ ಇದನ್ನೇ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅದರಲ್ಲಿ ಬಹುಪಾಲು ಹಳ್ಳಿಗಳವರು, ಅರ್ಧದಷ್ಟು ಮಂದಿ ಮಳೆಗಾಲದಲ್ಲಿ ಸತ್ತವರು. ಹಾವಿನ ಕಡಿತದ ಪ್ರಕರಣಗಳನ್ನು ಸರ್ಕಾರಕ್ಕೆ ವರದಿ ಮಾಡುವುದನ್ನು ಕರ್ನಾಟಕ 2024ರ ಫೆಬ್ರುವರಿಯಲ್ಲಿ ಕಡ್ಡಾಯಗೊಳಿಸಿತು. ಹಾವನ್ನು ಪ್ರೀತಿಸುವವರು ಈ ಸಾವುಗಳ ಬಗ್ಗೆ ಮಾತಾಡದೆ ಇರುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮಕ್ಕಳೆದುರಿಗೂ ಮಾತಾಡಬೇಕು.

ಊಟ ಮುಗಿಸಿ ಎಂಟು ಗಂಟೆಗೆ ತೋಟಕ್ಕಿಳಿದೆವು. ಉಂಬಳಗಳಿಗೆ (ಜಿಗಣೆಗಳಿಗೆ) ಹೊಗೆಸೊಪ್ಪಿನ ಪುಡಿ ಸವರಿದ ಉದ್ದ ಕಾಲುಚೀಲ, ಮೇಲೆ ರಬ್ಬರ್ ಬೂಟು. ಮಳೆ ನಿಂತಿತ್ತು, ಮರದ ಹನಿ ನಿಂತಿರಲಿಲ್ಲ. ಟಾರ್ಚ್ ಬೆಳಕಿಗೆ ಹುಲ್ಲಿನಲ್ಲಿ ನೂರಾರು ಚುಕ್ಕಿಗಳು ಮಿನುಗಿದವು. ಎಲ್ಲವೂ ಜೇಡಗಳ ಕಣ್ಣು. ಮಗ ಪ್ರತಿ ಮಿನುಗಿಗೂ "ಹಾವು!" ಎಂದ. ಹಾವಿನ ಕಣ್ಣು ಹಾಗೆ ಬೆಳಕಿಗೆ ಹೊಳೆಯುವುದಿಲ್ಲ ಎಂದು ಹುಡುಗ ತಿಳಿಸಿದ. ಹಾವನ್ನು ಆಕಾರದಿಂದಲೇ ಹುಡುಕಬೇಕು. ಎಲ್ಲವೂ ನೆಟ್ಟಗೆ ಬೆಳೆದಿರುವ ಕಡೆ ಅಡ್ಡಕ್ಕೆ ಬಿದ್ದಿರುವ ಗೆರೆ, ಎಲೆಗಳೆಲ್ಲ ಅಲ್ಲಾಡುತ್ತಿರುವಾಗ ಅಲ್ಲಾಡದ ಒಂದು ತುಣುಕು.

ಅಂಥ ಗೆರೆಯನ್ನು ಮೊದಲು ಕಂಡವಳು ಮಗಳು. ಕಾಫಿ ಗಿಡದ ಹೊರ ರೆಂಬೆಯ ಮೇಲೆ ಅವಳ ಎದೆಮಟ್ಟದಲ್ಲಿ ಹಸಿರುಹಾವು ಮಲಗಿತ್ತು. ಹಗಲಲ್ಲಿ ಎಲೆಯೊಳಗೆ ಕರಗಿಹೋಗುವ ಬಣ್ಣ ರಾತ್ರಿಯ ಟಾರ್ಚಿಗೆ ಬಿಳಿಚಿಕೊಂಡು ಎದ್ದು ಕಾಣುತ್ತದೆ. ರೆಂಬೆಯ ತುದಿಯಲ್ಲಿ ಮಲಗಿದರೆ ಯಾವುದಾದರೂ ಪ್ರಾಣಿ ಏರಿ ಬಂದಾಗ ರೆಂಬೆ ಅಲುಗಿ ಎಚ್ಚರವಾಗುತ್ತದೆ. ಹಾವಿಗೆ ರೆಪ್ಪೆ ಇಲ್ಲ, ಆದ್ದರಿಂದ ನಿದ್ದೆಯಲ್ಲೂ ಕಣ್ಣು ತೆರೆದೇ ಇತ್ತು. "ಅದು ನಮ್ಮನ್ನು ನೋಡುತ್ತಿದೆಯೇ?" ಎಂದು ಮಗ ಪಿಸುಗುಟ್ಟಿದ. ಯಾರೂ ಉತ್ತರಿಸಲಿಲ್ಲ. ಬೆಳಕನ್ನು ಪಕ್ಕಕ್ಕೆ ಸರಿಸಿ ಹಿಂದೆ ಬಂದೆವು.

ಶನಿವಾರ

ಬೆಳಿಗ್ಗೆ ಆರೂವರೆಗೇ ಮಗಳು ಕಾಫಿ ಗಿಡದ ಹತ್ತಿರ ನಿಂತಿದ್ದಳು. ಹಾವು ಅಲ್ಲೇ ಇತ್ತು, ಈಗ ಎಲೆಗಿಂತ ಹಸಿರಾಗಿ. ಎರಡು ಮೀಟರ್ ದೂರದಿಂದ ದೂರದರ್ಶಕದಲ್ಲಿ ಅದರ ಮುಖ ನೋಡಿದೆವು. ಅದರ ಕಣ್ಣಿನ ಪಾಪೆ ಅಡ್ಡಕ್ಕಿದೆ. ಕಣ್ಣಿನಿಂದ ಮೂತಿಯ ತುದಿಯವರೆಗೆ ಎರಡೂ ಬದಿಗೆ ಒಂದೊಂದು ತಗ್ಗು. ಆ ತಗ್ಗಿನ ಗುಂಟ ಎರಡೂ ಕಣ್ಣುಗಳ ನೋಟ ಮುಂದಕ್ಕೆ ಹರಿದು ಒಂದೇ ಕಡೆ ಸೇರುತ್ತದೆ. ಓತಿ ಎಷ್ಟು ದೂರದಲ್ಲಿದೆ ಎಂದು ಅಳೆಯಲು ಅದಕ್ಕೆ ಇದು ಬೇಕು. ಇದು ಹಾರಿ ಬಂದು ಮನುಷ್ಯರ ಕಣ್ಣು ಕುಕ್ಕುತ್ತದೆ ಎಂಬ ಮಾತನ್ನು ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ಕೇಳಿದ್ದೇನೆ. ಈ ಮಾತಿಗೆ ಎಷ್ಟು ಹಸಿರುಹಾವುಗಳು ಬಲಿಯಾಗಿವೆಯೋ. ಬಾಯಿಯ ಹಿಂಭಾಗದಲ್ಲಿ ಅದಕ್ಕೆ ಸಣ್ಣ ವಿಷದ ಹಲ್ಲುಗಳಿವೆ. ಓತಿ, ಕಪ್ಪೆಗಳಿಗೆ ಆ ವಿಷ ಸಾಕು, ಮನುಷ್ಯರ ಪ್ರಾಣಕ್ಕೆ ಅಪಾಯವಿಲ್ಲ. ಬಿಸಿಲು ರೆಂಬೆಯನ್ನು ಮುಟ್ಟಿದಾಗ ಹಾವು ಕತ್ತನ್ನು ಎತ್ತಿ, ಗಾಳಿ ಬೀಸಿದಾಗ ಮಾತ್ರ ಅದರೊಂದಿಗೆ ತೂಗುತ್ತ, ಗಾಳಿ ನಿಂತಾಗ ತಾನೂ ನಿಂತು, ಒಳಗಿನ ಎಲೆಗಳಿಗೆ ಸರಿಯಿತು. ಒಂದು ಅಡಿ ದೂರ ಹೋಗಲು ಅದು ತೆಗೆದುಕೊಂಡ ಸಮಯದಲ್ಲಿ ನನ್ನ ಕಾಫಿ ಆರಿತ್ತು.

ತಿಂಡಿಗೆ ಕೊಟ್ಟೆ ಕಡುಬು, ಕಳಲೆ ಪಲ್ಯ. ಅತ್ತೆ ಎರಡನೇ ಸಲ ಕಡುಬು ಬಡಿಸಿಕೊಂಡು, ಒಳಗೆ ಹೋಗಿ ಅಡುಗೆಯವರ ಹತ್ತಿರ ಹದ ವಿಚಾರಿಸಿದರು.

ಒಂಬತ್ತಕ್ಕೆ ತೋಟದಲ್ಲಿ ಬಿಸಿಲು ಚೆನ್ನಾಗಿ ಬಿದ್ದಿತು. ಹಾರುವ ಓತಿಗಾಗಿ ಮೇಲೆ ನೋಡುತ್ತ ಕತ್ತು ನೋಯಿಸಿಕೊಳ್ಳುವ ಅಗತ್ಯವಿಲ್ಲ, ಅಡಿಕೆ ಮರದ ನಡುಭಾಗವನ್ನು ಬಿಸಿಲು ಬೀಳುವ ಬದಿಯಿಂದ ನೋಡುತ್ತ ಹೋಗಿ ಎಂದು ಹುಡುಗ ಹೇಳಿಕೊಟ್ಟ. ಮರದ ಬೂದು, ಬಿಳಿ, ತುಸು ಹಸಿರು ಮಚ್ಚೆಗಳೆಲ್ಲ ಓತಿಯ ಬೆನ್ನಿನ ಮೇಲೂ ಇವೆ. ಒಂದು ಸಾಲು ಮುಗಿಸಿದೆವು, ಇನ್ನೊಂದು, ಮತ್ತೊಂದು. ಮನೆಯವರು ಇನ್ನು ಸಾಕೇನೋ ಎಂಬಂತೆ ನನ್ನ ಮುಖ ನೋಡಿದರು. ಆಗ ನಮ್ಮೆದುರಿಗಿದ್ದ ಮರದಲ್ಲೇ, ತೊಗಟೆಯೆಂದುಕೊಂಡಿದ್ದ ಜಾಗದಲ್ಲಿ, ಹಳದಿಯೊಂದು ಚಕ್ಕನೆ ಹೊರಬಂದು ಒಳಹೋಯಿತು.

ಗಂಡು ಓತಿ ಗಂಟಲಿನ ಚೀಲ ಬಿಚ್ಚಿತ್ತು. ಚೂಪಾದ ತುದಿಯ, ಅರಿಸಿನ ಹಳದಿಯ ಚರ್ಮ. ಬಿಚ್ಚುವುದು, ಮಡಿಸುವುದು, ಒಂದು ಗೇಣು ಮೇಲೇರುವುದು, ಮತ್ತೆ ಬಿಚ್ಚುವುದು. ಅದೇ ಮರದ ಮೇಲ್ಗಡೆ ಹೆಣ್ಣೊಂದು ಇದ್ದದ್ದು ಅನಂತರ ಕಂಡಿತು. ಇರುವೆಗಳ ಸಾಲಿನ ಪಕ್ಕ ಕುಳಿತು, ಮೈ ಕದಲಿಸದೆ ನಾಲಿಗೆಯಿಂದಲೇ ಒಂದೊಂದಾಗಿ ಆರಿಸಿಕೊಳ್ಳುತ್ತಿತ್ತು. ಅದರ ಬದುಕೆಲ್ಲ ಮರದ ಮೇಲೆಯೇ. ಮೊಟ್ಟೆಯಿಡಲು ಮಾತ್ರ ಹೆಣ್ಣು ನೆಲಕ್ಕಿಳಿದು, ಮಣ್ಣಿನಲ್ಲಿ ಸಣ್ಣ ಕುಳಿ ತೋಡಿ, ಮುಚ್ಚಿ ಮತ್ತೆ ಮರ ಹತ್ತುತ್ತದೆ.

ಹಾರುವುದನ್ನು ನೋಡಲು ಬಹಳ ಹೊತ್ತು ಕಾದೆವು. ಗಂಡು ಮರದ ತುದಿಗೆ ಏರಿ, ತಲೆಕೆಳಗಾಗಿ ತಿರುಗಿ, ಒಮ್ಮೆ ಮೈಯನ್ನು ತಗ್ಗಿಸಿ ಜಿಗಿಯಿತು. ಮೊದಲ ಕ್ಷಣ ಅದು ಬರೀ ಬೀಳುತ್ತಿತ್ತು. ಆಮೇಲೆ ಎರಡೂ ಬದಿಯ ಚರ್ಮ ತೆರೆದುಕೊಂಡಿತು. ಕೊಡೆಯ ಕಡ್ಡಿಗಳ ಹಾಗೆ ಆ ಚರ್ಮವನ್ನು ಹಿಡಿದು ನಿಲ್ಲಿಸುವುದು ಮೈಯಾಚೆಗೂ ಉದ್ದಕ್ಕೆ ಬೆಳೆದ ಅದರ ಪಕ್ಕೆಲುಬುಗಳು. ಕೆಂಪುಮಿಶ್ರಿತ ಕಂದು ರೆಕ್ಕೆ ಬಿಸಿಲಿಗೆ ಬೆಳಗಿ, ಮೂರು ಮರಗಳನ್ನು ದಾಟಿ, ನಾಲ್ಕನೆಯದರ ಬುಡದ ಮೇಲ್ಭಾಗಕ್ಕೆ ತುಸು ಮೇಲ್ಮುಖವಾಗಿ ಎದ್ದು ಕಚ್ಚಿಕೊಂಡಿತು. ಮುಗಿಯಿತು. ಮತ್ತೆ ತೊಗಟೆ.

ಮಗಳು ಬಾಯಿ ಬಿಡಲಿಲ್ಲ. ಮನೆಯವರು ಮಾತ್ರ ಕ್ಯಾಮೆರಾದ ಹಿಂದಿನ ಪರದೆಯನ್ನು ಹಿಗ್ಗಿಸಿ ನಮ್ಮೆಲ್ಲರನ್ನೂ ಕರೆದರು. ಒಂದು ಚಿತ್ರದಲ್ಲಿ ಓತಿಯ ಮುಂಗಾಲುಗಳು ರೆಕ್ಕೆಯ ಮುಂದಿನ ಅಂಚನ್ನು ಹಿಡಿದುಕೊಂಡಿದ್ದವು. ಪಶ್ಚಿಮ ಘಟ್ಟದ ಇದೇ ಓತಿಯನ್ನು ಗಮನಿಸಿ ವಿಜ್ಞಾನಿಯೊಬ್ಬರು 2017ರಲ್ಲಿ ಬರೆದದ್ದು ಇದನ್ನೇ: ಜಿಗಿಯುವಾಗ ಮುಂಗಾಲುಗಳು ಬಿಡುವಾಗಿರುತ್ತವೆ, ರೆಕ್ಕೆ ಬಿಚ್ಚಿದೊಡನೆ ಅವು ಹಿಂದಕ್ಕೆ ಹೋಗಿ ಅಂಚನ್ನು ಹಿಡಿದು ಹಾರಾಟವನ್ನು ತಿದ್ದುತ್ತವೆ, ಇಳಿಯುವ ಮುನ್ನ ಬಿಟ್ಟುಬಿಡುತ್ತವೆ. ಅಡಿಕೆ ತೋಟಗಳಲ್ಲಿ ತಲೆಮಾರುಗಳಿಂದ ಜನ ನೋಡುತ್ತ ಬಂದಿದ್ದ ಪ್ರಾಣಿಯ ಈ ಸಂಗತಿ ಅಷ್ಟು ಈಚೆಗೆ ಬೆಳಕಿಗೆ ಬಂದದ್ದು ನನಗೆ ಸಂತೋಷದ ವಿಷಯ. ಮಗಳಂಥವರಿಗೆ ಇನ್ನೂ ಎಷ್ಟೋ ಉಳಿದಿದೆ ಎಂದಾಯಿತಲ್ಲ.

ಮಧ್ಯಾಹ್ನದವರೆಗೆ ಕಂಡದ್ದು ಹಲವು. ತರಗೆಲೆಯಲ್ಲಿ ಸರಕ್ಕನೆ ಹರಿದ ಹಾವುರಾಣಿಯನ್ನು ನೋಡಿ ಅಂಗಳದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು ಕಾಲು ಹಿಂದೆಗೆದರು. ಕಚ್ಚಿದರೆ ಹಾವಿಗಿಂತ ವಿಷ ಎಂದರು. ಅತ್ತೆಯೂ ಹಾಗೆಯೇ ನಂಬಿದ್ದವರು. ಹುಡುಗ ಮೆಲ್ಲಗೆ ತಿಳಿಸಿದ, "ಇಲ್ಲ ಅಮ್ಮ, ನಮ್ಮ ದೇಶದ ಹಲ್ಲಿ, ಓತಿ, ಹಾವುರಾಣಿ, ಉಡ ಯಾವುದರಿಂದಲೂ ಮನುಷ್ಯ ವಿಷವೇರಿ ಸಾಯುವುದಿಲ್ಲ. ಇದು ಹುಳ ಹಿಡಿದುಕೊಂಡು ತೋಟದಲ್ಲಿ ಬದುಕುತ್ತದೆ, ಅಷ್ಟೇ." ಅತ್ತೆ ಸ್ವಲ್ಪ ಯೋಚಿಸಿ, "ಹಾಗಾದರೆ ನಾವು ಸುಮ್ಮನೆ ಎಷ್ಟನ್ನು ಹೊಡೆದೆವು" ಎಂದರು. ಆ ಮಾತು ಅವರಿಗೆ ಸುಲಭವಾಗಿ ಬಂದದ್ದಲ್ಲ.

ತೋಟದ ಕಲ್ಲುಕಟ್ಟೆಯ ಸಂದಿಯಲ್ಲಿ ಹಗಲು ಹಲ್ಲಿಯೊಂದು ಕುಳಿತಿತ್ತು. ನಮ್ಮ ಗೋಡೆಯ ಹಲ್ಲಿಯ ಪಾಪೆ ನೆಟ್ಟಗಿನ ಸೀಳು, ಇದರದ್ದು ದುಂಡು. ಹಗಲಿನಲ್ಲಿ ಬೇಟೆಯಾಡುವುದಕ್ಕೆ ಅದೇ ಗುರುತು. ಅದನ್ನು ಹತ್ತಿರದಿಂದ ನೋಡಲು ಬಗ್ಗಿದ ಮಗನ ಕೈ ಕಟ್ಟೆಯತ್ತ ಹೋಯಿತು. ಮುಟ್ಟುವಷ್ಟರಲ್ಲಿ ಹಿಂದೆ ನಿಂತಿದ್ದ ಅತ್ತೆ ಅವನ ಮಣಿಕಟ್ಟು ಹಿಡಿದಿದ್ದರು. ಬೈಯಲಿಲ್ಲ. ಆ ಕೈಯನ್ನು ಅವನ ಬೆನ್ನ ಹಿಂದೆ ಇನ್ನೊಂದು ಕೈಗೆ ಜೋಡಿಸಿ, "ಈಗ ನೋಡು" ಎಂದರು.

ಅದೇ ಕಟ್ಟೆಯ ಕೊನೆಯಲ್ಲಿ ಉದ್ದನೆಯ ಪೊರೆ ಸಿಕ್ಕಿತು. ಮಗನಿಗೆ ಅದು ಕಾಳಿಂಗನದೇ. ಹುಡುಗ ಅದನ್ನು ಕಡ್ಡಿಯಿಂದ ಎತ್ತಿ ಜಗುಲಿಯ ಮೇಲೆ ಹರವಿದ. ಪೊರೆ ಬಿಡುವಾಗ ಚರ್ಮ ಒಳಮಗ್ಗುಲು ಹೊರಗಾಗಿ ಮಗುಚಿಕೊಂಡು ಬರುತ್ತದೆ. ಕಣ್ಣನ್ನು ಮುಚ್ಚಿದ್ದ ಪಾರದರ್ಶಕ ಬಿಲ್ಲೆಯೂ ಅದರಲ್ಲೇ ಉಳಿಯುತ್ತದೆ. ತಲೆಯ ಭಾಗವನ್ನು ನೀರು ಚಿಮುಕಿಸಿ ಬಿಡಿಸಿದಾಗ ಹುರುಪೆಗಳು ಒಂದೊಂದಾಗಿ ಕಂಡವು. ಕಾಳಿಂಗ ಸರ್ಪವಾಗಿದ್ದರೆ ನೆತ್ತಿಯ ದೊಡ್ಡ ಹುರುಪೆಗಳ ಹಿಂದೆ ಇನ್ನೊಂದು ಜೋಡಿ ದೊಡ್ಡ ಹುರುಪೆ ಇರಬೇಕು. ಇದರಲ್ಲಿ ಇರಲಿಲ್ಲ. ಬಾಲದ ಬುಡ, ಮೈಯ ಉದ್ದ ನೋಡಿ ಕೇರೆ ಹಾವಿನದು ಎಂದ. ಮಗನ ಮುಖ ಬಾಡಿತು. ಆದರೆ ಕಾಳಿಂಗ ಇಲ್ಲಿಗೆ ಬರುವುದೇ ಕೇರೆ ತಿನ್ನಲು ಎಂದು ತಿಳಿದ ಮೇಲೆ ಅವನು ಆ ಪೊರೆಯ ಪಕ್ಕದಿಂದ ಏಳಲೇ ಇಲ್ಲ.

ಸಂಜೆ ಐದಕ್ಕೆ ಮಳೆ ಜೋರಾಗಿ ಬಂತು, ಏಳಕ್ಕೆ ನಿಂತಿತು. ಹಳ್ಳದ ಕಡೆಗೆ ಇಳಿದೆವು.

ಮಲಬಾರ್ ಗುಳಿಮಂಡಲ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಒಂದೇ ಜಾತಿಯಲ್ಲಿ ಹಸಿರು, ಹಳದಿ, ಕಂದು, ಕಿತ್ತಳೆ ಬಣ್ಣದವು ಇವೆ. ಬಣ್ಣ ನೋಡಿ ಹುಡುಕಲು ಹೋದರೆ ಸಿಗದು. ಹುಡುಗ ನೀರಿನ ಮೇಲೆ ಬಾಗಿದ ಕೊಂಬೆಗಳನ್ನು, ಬಿದ್ದ ಮರಗಳನ್ನು, ಪಾಚಿಗಟ್ಟಿದ ಕಲ್ಲುಗಳನ್ನು ಸಾಲಾಗಿ ಬೆಳಕಿನಿಂದ ಸವರುತ್ತ ಹೋದ. ಒಂದು ಕಡೆ ನಿಂತು ಕೈ ಎತ್ತಿದ. ನಾವು ನಿಂತೆವು. ಮೊಣಕಾಲ ಎತ್ತರದಲ್ಲಿ, ಹಳ್ಳಕ್ಕೆ ಅಡ್ಡ ಬಿದ್ದ ಮರದ ಮೇಲೆ, ಹಸಿರು ಮೈಗೆ ಕಂದು ಮಚ್ಚೆಗಳ ಮಂಡಲ ಸುತ್ತಿ ಕುಳಿತಿತ್ತು. ತ್ರಿಕೋನ ತಲೆ ಸುತ್ತಿನ ಅಂಚಿನಲ್ಲಿ ನೀರಿನ ಕಡೆಗೆ ತಿರುಗಿತ್ತು. ಹುಡುಗ ನೆಲದ ಮೇಲೆ ಕೋಲಿನಿಂದ ಗೆರೆ ಎಳೆದ. ಆ ಗೆರೆ ದಾಟುವಂತಿಲ್ಲ. ಹಾವಿನ ಉದ್ದಕ್ಕಿಂತ ಎರಡು ಪಟ್ಟು ದೂರ.

ದೂರದರ್ಶಕದಲ್ಲಿ ಕಣ್ಣಿಗೂ ಮೂಗಿಗೂ ನಡುವಿನ ಗುಳಿ ಸ್ಪಷ್ಟವಾಗಿ ಕಂಡಿತು. ಅದರೊಳಗಿನ ತೆಳುವಾದ ಪೊರೆ ಶಾಖದ ಅತಿ ಸಣ್ಣ ವ್ಯತ್ಯಾಸವನ್ನೂ ಗ್ರಹಿಸುತ್ತದೆ. ಕಗ್ಗತ್ತಲಲ್ಲಿ ಇಲಿ ಹಾದುಹೋದರೆ ಹಾವಿಗೆ ಅದರ ಬಿಸುಪು ಕಾಣುತ್ತದೆ. ಅದರಿಂದ ಒಂದು ಮೊಳ ಕೆಳಗೆ ಕಲ್ಲಿನ ಮೇಲೆ ಕಪ್ಪೆಯೊಂದು ಕೂಗುತ್ತಿತ್ತು. ಕಪ್ಪೆ ಕೂಗುವಾಗ ಹಾವು ನಾಲಿಗೆ ಚಾಚಿತು, ಒಳಗೆಳೆದುಕೊಂಡಿತು. ಅಷ್ಟೇ. ನಾವು ಇಪ್ಪತ್ತು ನಿಮಿಷ ನಿಂತೆವು, ಎರಡನೇ ತರಗತಿಯ ಹುಡುಗನೂ ನಿಂತ. ಮತ್ತೇನೂ ಆಗಲಿಲ್ಲ. ಮೂರು ರಾತ್ರಿಯಿಂದ ಅದು ಅದೇ ಮರದ ಮೇಲಿದೆ, ಬೆಳಿಗ್ಗೆಯೂ ಇರುತ್ತದೆ ಎಂದ ಹುಡುಗ. ಇಷ್ಟು ಕಾಯುವ ಪ್ರಾಣಿಯನ್ನು ಕೊಕ್ಕೆಯಲ್ಲೆತ್ತಿ ಬೇರೆ ಕಡೆ ಇಟ್ಟರೆ ಅದರ ಎಷ್ಟು ದಿನದ ಬೇಟೆ ಹಾಳಾಗುತ್ತದೆ ಎಂಬುದನ್ನು ಮಕ್ಕಳಿಗೆ ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಈ ಹಾವು ಕಚ್ಚಿದರೆ ವಿಪರೀತ ನೋವು, ಊತ, ಸಾವು ಅಪರೂಪ. ಆದರೆ ನಮ್ಮಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ. ಗುಳಿಮಂಡಲಕ್ಕಾಗಲಿ ಕಾಳಿಂಗಕ್ಕಾಗಲಿ ಅದು ತಯಾರಾದದ್ದಲ್ಲ. ಮಕ್ಕಳನ್ನು ಕರೆದೊಯ್ಯುವವರು ಇದನ್ನು ತಿಳಿದೇ ಹೋಗಬೇಕು, ಆಸ್ಪತ್ರೆ ಎಷ್ಟು ದೂರ ಎಂಬುದನ್ನು ಮೊದಲೇ ನೋಡಿಕೊಂಡಿರಬೇಕು, ಗೆರೆ ದಾಟದ ಮಾರ್ಗದರ್ಶಿ ಸಿಗದಿದ್ದರೆ ರಾತ್ರಿ ಇಳಿಯಲೇಬಾರದು.

ಮರಳುವ ದಾರಿಯಲ್ಲಿ ಮಗನ ಕುತ್ತಿಗೆಗೆ ಉಂಬಳ ಹತ್ತಿತ್ತು. ಅತ್ತೆ ಸುಣ್ಣ ಮುಟ್ಟಿಸಿ ಬಿಡಿಸಿದರು.

ಭಾನುವಾರ

ಕಾಳಿಂಗ ಕಾಣಲಿಲ್ಲ. ಕಾಣುತ್ತದೆಂದು ಯಾರೂ ಮಾತು ಕೊಟ್ಟಿರಲಿಲ್ಲ. ಬೆಳಿಗ್ಗೆ ಕಷಾಯ ಕುಡಿಯುತ್ತ ಯಜಮಾನರು ಅದರ ವಿಷಯ ಹೇಳಿದರು. ಬೇಸಿಗೆಯ ಕೊನೆಯಲ್ಲಿ ಪಕ್ಕದ ಸೊಪ್ಪಿನ ಬೆಟ್ಟದಲ್ಲಿ ಹೆಣ್ಣು ಕಾಳಿಂಗವೊಂದು ಗೂಡು ಕಟ್ಟಿತ್ತು. ಎಲೆಗಳನ್ನು ಮೈಯಿಂದ ಒಟ್ಟುಗೂಡಿಸಿ, ಅದರೊಳಗೆ ಮೊಟ್ಟೆಯಿಟ್ಟು, ಮೇಲೆ ಕಾವಲು ಕೂರುವ ಹಾವು ಅದೊಂದೇ. ಊರಿನವರು ಆ ವರ್ಷ ಆ ಕಡೆ ಸೊಪ್ಪು ಕಡಿಯಲಿಲ್ಲ. ಅಷ್ಟು ವಿಷವಿರುವ, ಹತ್ತು ಹನ್ನೆರಡು ಅಡಿ ಉದ್ದದ ಹಾವಿಗಾಗಿ ರೈತರು ತಮ್ಮ ತೋಟದ ಗೊಬ್ಬರ ಬಿಟ್ಟುಕೊಟ್ಟ ಸಂಗತಿಯನ್ನು ಅವರು ಏನೂ ದೊಡ್ಡದಲ್ಲವೆಂಬಂತೆ ಹೇಳಿದರು. ನನಗೆ ಅದು ಬಹಳ ದೊಡ್ಡದು.

ಕಾಳಿಂಗದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹಳಷ್ಟು ಇದೇ ಕಾಡಿನಿಂದ ಬಂದದ್ದು. ಹಾವುಗಳ ತಜ್ಞ ರಾಮ್ಯುಲಸ್ ವಿಟೇಕರ್ ಅವರು 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ತೆರೆದರು. 2008ರಲ್ಲಿ ಕಾಳಿಂಗಗಳ ಮೈಯೊಳಗೆ ರೇಡಿಯೊ ಪ್ರೇಷಕ ಇರಿಸಿ, ದಿನವೂ ಅವುಗಳ ಹಿಂದೆ ನಡೆದು ಗಮನಿಸುವ ಕೆಲಸ ಶುರುವಾಯಿತು. ಮನೆಯ ಹತ್ತಿರ ಸಿಕ್ಕ ಹಾವನ್ನು ದೂರದ ಕಾಡಿಗೆ ಬಿಟ್ಟರೆ ಅದು ಗುರುತಿಲ್ಲದ ಜಾಗದಲ್ಲಿ ಅಲೆದು ಬಳಲುತ್ತದೆ, ಆದ್ದರಿಂದ ಸಿಕ್ಕಲ್ಲೇ ಹತ್ತಿರ ಬಿಡಬೇಕು ಎಂಬ ತಿಳಿವಳಿಕೆಗೆ ಇಂಥ ಕೆಲಸವೇ ಆಧಾರ. 2024ರಲ್ಲಿ, ಏಷ್ಯಾದ ಕಾಳಿಂಗಗಳೆಲ್ಲ ಒಂದೇ ಜಾತಿಯಲ್ಲ, ನಾಲ್ಕು ಎಂದು ಕಾಳಿಂಗ ಸಂಶೋಧಕ ಪಿ. ಗೌರಿಶಂಕರ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಪಶ್ಚಿಮ ಘಟ್ಟದ ಕಾಳಿಂಗಕ್ಕೆ ಈಗ ಒಫಿಯೊಫೇಗಸ್ ಕಾಳಿಂಗ ಎಂಬ ಹೆಸರು. ಅಂದರೆ ಈ ಬೆಟ್ಟಸಾಲಿನಲ್ಲಿ ಕಳೆದುಕೊಂಡರೆ ಮತ್ತೆಲ್ಲಿಂದಲೂ ತರಲಾಗದ ಹಾವು ಅದು. "ನಾನು ದೊಡ್ಡವನಾದ ಮೇಲೆ ರೇಡಿಯೊ ಹಿಡಿದುಕೊಂಡು ನಡೆಯುತ್ತೇನೆ" ಎಂದ ಮಗ. ನಡೆಯಲಿ.

ಹತ್ತಕ್ಕೆ ಹೊರಟು, ಘಾಟಿಯ ತುದಿಯವರೆಗೆ ಹೋಗಿಬಂದೆವು. ಸೋಮೇಶ್ವರಕ್ಕೆ ಇಳಿಯುವ ಹದಿನಾಲ್ಕು ತಿರುವುಗಳ ಮೇಲೆ ಮೋಡ ಕವಿದಿತ್ತು. ಸಿಂಗಳೀಕಗಳು ತಡೆಗೋಡೆಯ ಮೇಲೆ ಕುಳಿತು ವಾಹನಗಳಿಂದ ಬೀಳುವ ತಿಂಡಿಗೆ ಕಾಯುತ್ತಿದ್ದವು. ದಯವಿಟ್ಟು ಹಾಕಬೇಡಿ. ರಸ್ತೆಗೆ ಒಗ್ಗಿದ ಸಿಂಗಳೀಕ ರಸ್ತೆಯಲ್ಲೇ ಸಾಯುತ್ತದೆ.

ಹಾವುಗಳಿಗೂ ಇದೇ ರಸ್ತೆ ಯಮ. ತೀರ್ಥಹಳ್ಳಿಯ ದಾರಿಯಲ್ಲಿ, ರಾತ್ರಿಯ ಮಳೆಯ ನಂತರ ಚಕ್ರಕ್ಕೆ ಸಿಕ್ಕಿ ಚಪ್ಪಟೆಯಾದ ಹಾವುಗಳು ಅಲ್ಲಲ್ಲಿ ಬಿದ್ದಿದ್ದವು. ಕಾರು ನಿಲ್ಲಿಸಿ, ಮಗಳು ಪ್ರತಿಯೊಂದರ ಚಿತ್ರ, ಜಾಗ, ಹೊತ್ತು ದಾಖಲಿಸಿದಳು. ಹುಡುಗ ಕೇಳಿದ್ದು ಅದನ್ನೇ. ಯಾವ ತಿರುವಿನಲ್ಲಿ ಹೆಚ್ಚು ಸಾಯುತ್ತವೆ ಎಂಬ ಲೆಕ್ಕ ಸಿಕ್ಕಿದರೆ ಅಲ್ಲಿ ವೇಗತಡೆ ಹಾಕಿಸಲು ಅರ್ಜಿ ಕೊಡಬಹುದಂತೆ. ಒಂದು ಹಸಿರುಹಾವು, ಒಂದು ಕೇರೆ, ಗುರುತು ಸಿಗದಷ್ಟು ಹಾಳಾದ ಎರಡು. ಹಗಲಿನಲ್ಲಿ ಕಾದ ಡಾಂಬರು ರಾತ್ರಿಯೂ ಬೆಚ್ಚಗಿರುತ್ತದೆ. ಅದಕ್ಕಾಗಿ, ಇಲ್ಲವೇ ರಸ್ತೆ ದಾಟುವ ಕಪ್ಪೆಗಳಿಗಾಗಿ ಅವು ಬರುತ್ತವೆ. ಮಳೆಗಾಲದ ರಾತ್ರಿ ಘಟ್ಟದಲ್ಲಿ ಮೂವತ್ತರ ವೇಗ ಸಾಕು. ಯಾರಿಗೂ ಅಷ್ಟು ಅವಸರ ಇರುವುದಿಲ್ಲ.

ಶಿವಮೊಗ್ಗ ದಾಟುವಾಗ ಮಗಳು ಮುಂದಿನ ಯೋಜನೆ ಮುಂದಿಟ್ಟಳು. ನಮ್ಮ ಬಯಲುಸೀಮೆಯ ಓತಿಗಳನ್ನು ಇನ್ನೂ ನೋಡಿಲ್ಲವಲ್ಲ ಎಂಬುದು ಅವಳ ವಾದ. ಏಪ್ರಿಲ್, ಮೇ ತಿಂಗಳಲ್ಲಿ ಬೀಸಣಿಗೆ ಗಂಟಲಿನ ಓತಿಗಳು ಬಯಲಿನ ಕಲ್ಲುಗಳ ಮೇಲೆ ನಿಂತು ಬಣ್ಣ ಬಿಚ್ಚುತ್ತವೆ. ಬಂಡೆಗುಡ್ಡಗಳಲ್ಲಿ ಗಂಡು ಬಂಡೆ ಓತಿಯ ಮೈಯೂ ಆಮೇಲೆ ಕೆಂಪು ಕಪ್ಪಾಗುತ್ತದೆ. ಇದಕ್ಕೆ ಬೂಟೂ ಬೇಡ, ಟಾರ್ಚೂ ಬೇಡ, ಬೆಳಗಿನ ಬಿಸಿಲು ಮತ್ತು ಟೋಪಿ ಸಾಕು. ಬೇಸಿಗೆ ರಜೆಯ 2 ಭಾನುವಾರಗಳನ್ನು ಅದಕ್ಕೆಂದು ಎತ್ತಿಟ್ಟಿದ್ದೇವೆ. ಅತ್ತೆಯವರೂ ಬರುತ್ತೇನೆ ಎಂದಿದ್ದಾರೆ, ಬುತ್ತಿ ತಮ್ಮದೇ ಎಂಬ ಷರತ್ತಿನೊಂದಿಗೆ.